ಗಂಗಾವತಿ ರೈಸ್ ಮಿಲ್‌ಗಳಿಗೆ ಬರೆದ ಲಿನಕ್ಸ್ ಸಾಫ್ಟ್‌ವೇರ್: ಪ್ಯಾಕೇಜ್ ಮಾಡಿ ನಮ್ಮದೇ ಸರ್ವರ್‌ನಿಂದ ಹಂಚುವುದು ಹೇಗೆ?

ಗಂಗಾವತಿ_ತೂಕ

ಎಲ್ಲರಿಗೂ ನಮಸ್ಕಾರ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ರೈಸ್ ಮಿಲ್‌ಗಳಿಗೆ ಒಂದು ಲಿನಕ್ಸ್ ಸಾಫ್ಟ್‌ವೇರ್ ಬರೆದು ಕೊಡುತ್ತಿದ್ದೇನೆ. ಹೆಸರು ತೂಕಚೀಟಿ. ವೇಬ್ರಿಜ್ ಇಂಡಿಕೇಟರ್‌ನಿಂದ ಸೀರಿಯಲ್ ಕೇಬಲ್‌ನಲ್ಲಿ ತೂಕ ಓದುತ್ತದೆ. ಲಾರಿ ನಂಬರ್, ರೈತರ ಹೆಸರು, ಭತ್ತದ ತಳಿ ಸೇರಿಸಿ ಕನ್ನಡದಲ್ಲಿ ಚೀಟಿ ಹೊಡೆಯುತ್ತದೆ. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದದ್ದು, ಪರದೆ ತೋರಿಸಲು ಕ್ಯೂಟಿ ಲೈಬ್ರರಿ ಬೇಕು, ಲೆಕ್ಕವೆಲ್ಲ ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿ ಇರುತ್ತದೆ. ತೂಕ ಓದುವ ಭಾಗ ಹಿಂದೆ ಸರ್ವಿಸ್ ಆಗಿ ಓಡುತ್ತಿರುತ್ತದೆ.

ಮಿಲ್ ಕಂಪ್ಯೂಟರ್‌ಗಳಲ್ಲಿ ಕೆಲವು ಕಡೆ ಡೆಬಿಯನ್ 12 ಇದೆ, ಕೆಲವು ಕಡೆ ಉಬುಂಟು 22.04 (ಎರಡೂ ಲಿನಕ್ಸ್‌ನ ಬಗೆಗಳು), ಹೊಸದಾಗಿ ತಂದಲ್ಲಿ 24.04. ಇಲ್ಲಿಯವರೆಗೆ ಪೆನ್‌ಡ್ರೈವ್‌ನಲ್ಲಿ ಸೋರ್ಸ್ ತಗೊಂಡು ಹೋಗಿ ಅಲ್ಲೇ 'ಮೇಕ್ ಇನ್‌ಸ್ಟಾಲ್' ಹೊಡೆಯುವುದೇ ಪದ್ಧತಿ. ಮಿಲ್ ಕಡಿಮೆ ಇದ್ದಾಗ ನಡೆಯುತ್ತಿತ್ತು. ಈಗ ಯಾವ ಮಿಲ್‌ನಲ್ಲಿ ಯಾವ ವರ್ಷನ್ ಇದೆ ಅನ್ನುವುದೇ ಗೊತ್ತಾಗುವುದಿಲ್ಲ. 24.04ರಲ್ಲಿ ಬಿಲ್ಡ್ ಮಾಡಿದ (ಸೋರ್ಸ್‌ನಿಂದ ಕಟ್ಟಿದ) ಬೈನರಿಯನ್ನು 22.04ಕ್ಕೆ ಹಾಕಿದರೆ 'ಜಿಲಿಬ್‌ಸಿ 2.38 ಸಿಗಲಿಲ್ಲ' ಅಂತ ನಿಲ್ಲುತ್ತದೆ.

ನನಗೆ ಬೇಕಿರುವುದು ಇಷ್ಟು. ಮಿಲ್‌ನವರು ಉಳಿದೆಲ್ಲ ಅಪ್‌ಡೇಟ್ ಪಡೆಯುವ ಹಾಗೇ ತೂಕಚೀಟಿಯೂ 'ಆಪ್ಟ್ ಅಪ್‌ಗ್ರೇಡ್'ನಲ್ಲಿ ಬರಬೇಕು. ಆಪ್ಟ್ ಅಂದರೆ ಡೆಬಿಯನ್, ಉಬುಂಟುಗಳಲ್ಲಿ ಪ್ಯಾಕೇಜ್ ತರಿಸಿ ಹಾಕುವ ಸಾಧನ. ಬೇರೆಯವರ ಸ್ಟೋರ್ ಬೇಡ, ನಮ್ಮದೇ ಸರ್ವರ್ ಸಾಕು. ಎಲ್ಲಿಂದ ಶುರು ಮಾಡಲಿ?

ರಾಯಚೂರು_ಟರ್ಮಿನಲ್

ಒಳ್ಳೆಯ ಕೆಲಸ. ಸರಿಯಾದ ಹೊತ್ತಿಗೆ ಕೇಳಿದ್ದೀರಿ. ಸರ್ವರ್ ಕೊನೆಯ ಮಾತು, ಮೊದಲು ಬಿಲ್ಡ್ ಸರಿಯಾಗಲಿ.

ಜಿಲಿಬ್‌ಸಿ ಅಂದರೆ ಲಿನಕ್ಸ್‌ನ ಮೂಲ ಸಿ ಲೈಬ್ರರಿ. ಆ ತೊಂದರೆಗೆ ಕಾರಣ ಸರಳ. ಬೈನರಿ ತಾನು ಹುಟ್ಟಿದ ಯಂತ್ರದ ಸಿ ಲೈಬ್ರರಿಯ ಸಿಂಬಲ್‌ಗಳನ್ನು (ತಾನು ಕರೆಯುವ ಫಂಕ್ಷನ್‌ಗಳನ್ನು) ಹೆಸರು ಮತ್ತು ವರ್ಷನ್ ಸಮೇತ ಬರೆದಿಟ್ಟುಕೊಳ್ಳುತ್ತದೆ. ಉಬುಂಟು 22.04ರಲ್ಲಿ ಇರುವುದು 2.35, ಡೆಬಿಯನ್ 12ರಲ್ಲಿ 2.36, 24.04ರಲ್ಲಿ 2.39. ಹಳೆಯದರ ಮೇಲೆ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ, ಹೊಸದರ ಮೇಲೆ ಕಟ್ಟಿದ್ದು ಹಳೆಯದರಲ್ಲಿ ಓಡುವುದು ಖಾತ್ರಿ ಇಲ್ಲ. ಅಕ್ಷರಗಳಿಂದ ಸಂಖ್ಯೆ ಓದುವ ಸಾಮಾನ್ಯ ಫಂಕ್ಷನ್‌ಗಳೇ 2.38ರಲ್ಲಿ ಹೊಸ ಸಿಂಬಲ್ ಪಡೆದವು. ಅದಕ್ಕೇ ನೀವು ಏನೂ ಹೊಸದು ಬಳಸದೇ ಇದ್ದರೂ ಈ ಎರರ್ ಬರುತ್ತದೆ.

'ಎಲ್ಲಕ್ಕಿಂತ ಹಳೆಯದರ ಮೇಲೆ ಒಂದೇ ಸಲ ಕಟ್ಟಿ ಎಲ್ಲ ಕಡೆ ಕೊಡಿ' ಅಂತ ಹೇಳುವವರು ಇದ್ದಾರೆ. ಸಿ ಲೈಬ್ರರಿ ಮಟ್ಟಿಗೆ ಅದು ನಡೆಯುತ್ತದೆ. ಕ್ಯೂಟಿ ಬಂದ ಮೇಲೆ ನಾನು ಒಪ್ಪುವುದಿಲ್ಲ. ಪ್ಯಾಕೇಜ್ ಹೆಸರುಗಳೇ ಬದಲಾಗಿವೆ. 2038ರ ಸಮಯದ ತೊಂದರೆ (32 ಬಿಟ್‌ನಲ್ಲಿ ಸಮಯ ಎಣಿಸುವ ಸಂಖ್ಯೆ ಆ ವರ್ಷ ತುಂಬಿಹೋಗುವುದು) ತಪ್ಪಿಸಲು ಡೆಬಿಯನ್ 13 ಮತ್ತು ಉಬುಂಟು 24.04ರಲ್ಲಿ ಎಷ್ಟೋ ಲೈಬ್ರರಿಗಳ ಹೆಸರಿಗೆ 'ಟಿ64' ಅಂತ ಬಾಲ ಸೇರಿದೆ. ಅದಕ್ಕೇ ಒಂದೊಂದು ಬಿಡುಗಡೆಗೂ ಬೇರೆ ಬೇರೆ ಬಿಲ್ಡ್ ಮಾಡಿ. 'ಎಸ್‌ಬಿಲ್ಡ್' ಅಥವಾ 'ಪಿಬಿಲ್ಡರ್' ಇದಕ್ಕೇ ಇರುವುದು. ಪ್ರತಿ ಸಲ ಖಾಲಿ ಡೆಬಿಯನ್ ತೆಗೆದು, ನೀವು ಬರೆದ ಬಿಲ್ಡ್ ಅವಲಂಬನೆಗಳನ್ನು ಮಾತ್ರ ಹಾಕಿ, ಅದರೊಳಗೆ ಕಟ್ಟುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎಂದೋ ಹಾಕಿಕೊಂಡಿದ್ದ ಹೆಡರ್ ಫೈಲ್ ಗೊತ್ತಿಲ್ಲದೆ ನುಸುಳುವುದಿಲ್ಲ. ಪಾಡ್‌ಮ್ಯಾನ್ ಅಭ್ಯಾಸ ಇದ್ದರೆ ಕಂಟೇನರ್ ಒಳಗೆ ಕಟ್ಟಿದರೂ ಸರಿ.

ಇನ್ನೊಂದು ಮಾತು. ಪ್ಯಾಕೇಜಿಗೆ ಬೇರೆ ಏನೇನು ಬೇಕು ಅನ್ನುವ 'ಡಿಪೆಂಡ್ಸ್' ಸಾಲನ್ನು ಕೈಯಲ್ಲಿ ಬರೆಯಬೇಡಿ. 'ಡಿಪಿಕೆಜಿ-ಶ್ಲಿಬ್‌ಡೆಪ್ಸ್' ಬೈನರಿ ತೆರೆದು ನೋಡಿ, ಯಾವ ಲೈಬ್ರರಿ ಕನಿಷ್ಠ ಯಾವ ವರ್ಷನ್ ಬೇಕು ಅಂತ ತಾನೇ ಬರೆಯುತ್ತದೆ. ನೀವು ಕೈಯಲ್ಲಿ ಸೇರಿಸಬೇಕಾದ್ದು ಅದಕ್ಕೆ ಕಾಣದೇ ಇರುವುದನ್ನು ಮಾತ್ರ. ಉದಾಹರಣೆಗೆ ಕನ್ನಡ ಫಾಂಟ್. ಲೋಹಿತ್ ಕನ್ನಡ, ಗುಬ್ಬಿ, ನವಿಲು ಎಲ್ಲ ಡೆಬಿಯನ್‌ನಲ್ಲೇ ಇವೆ. ಅದನ್ನು ಅವಲಂಬನೆಯಲ್ಲಿ ಹಾಕದಿದ್ದರೆ ಹೊಸ ಕಂಪ್ಯೂಟರ್‌ನಲ್ಲಿ ರೈತರ ಹೆಸರಿನ ಜಾಗದಲ್ಲಿ ಚೌಕಗಳು ಬರುತ್ತವೆ.

ಬಳ್ಳಾರಿ_ಬೈಟ್

ಇಷ್ಟೆಲ್ಲ ಕಷ್ಟ ಯಾಕೆ? ಆಪ್‌ಇಮೇಜ್ ಅಥವಾ ಫ್ಲ್ಯಾಟ್‌ಪ್ಯಾಕ್ (ಬೇಕಾದ ಲೈಬ್ರರಿಗಳನ್ನೂ ಜೊತೆಗೇ ತರುವ ಪ್ಯಾಕೇಜ್ ಬಗೆಗಳು) ಮಾಡಿದರೆ ಒಂದೇ ಬಿಲ್ಡ್ ಎಲ್ಲ ಕಡೆ ಓಡುತ್ತದೆ. ಇಲ್ಲಿ ಜೀನ್ಸ್ ಘಟಕಗಳಲ್ಲಿ ಪ್ಯಾಟರ್ನ್ ನೋಡುವ ನಮ್ಮ ಪ್ರೋಗ್ರಾಮನ್ನು ಫ್ಲ್ಯಾಟ್‌ಪ್ಯಾಕ್ ಆಗಿಯೇ ಹಂಚುತ್ತೇವೆ. ಫ್ಲ್ಯಾಟ್‌ಪ್ಯಾಕ್ ರೆಪೊ (ಪ್ಯಾಕೇಜ್ ಸಂಗ್ರಹ) ಅಂದರೆ ಸುಮ್ನೆ ಫೈಲ್‌ಗಳ ಫೋಲ್ಡರ್, ಯಾವ ವೆಬ್ ಸರ್ವರ್ ಆದರೂ ಸಾಕು. ಸಹಿಯೂ ಹಾಕಬಹುದು. ಅಪ್‌ಡೇಟ್‌ನಲ್ಲಿ ಬದಲಾದ ಭಾಗ ಮಾತ್ರ ಇಳಿಯುವುದರಿಂದ ನಿಧಾನ ನೆಟ್‌ನಲ್ಲೂ ತೊಂದರೆ ಇಲ್ಲ.

ರಾಯಚೂರು_ಟರ್ಮಿನಲ್

ನಿಮ್ಮ ಪ್ರೋಗ್ರಾಮಿಗೆ ಅದು ಸರಿಯಾದ ಆಯ್ಕೆ. ಬರೀ ಪರದೆಯ ಮೇಲೆ ಕೆಲಸ ಮಾಡುವ ಅಪ್ಲಿಕೇಶನ್‌ಗೆ ಫ್ಲ್ಯಾಟ್‌ಪ್ಯಾಕ್ ಚೆನ್ನಾಗಿದೆ. ತೂಕಚೀಟಿ ಹಾಗಲ್ಲ. ಅದಕ್ಕೆ ಸೀರಿಯಲ್ ಪೋರ್ಟ್ ಬೇಕು, ಯುಡೆವ್ ನಿಯಮ (ಸಾಧನ ಚುಚ್ಚಿದಾಗ ಏನು ಮಾಡಬೇಕು ಅನ್ನುವ ಲಿನಕ್ಸ್ ನಿಯಮ) ಬೇಕು, ಬೂಟ್ ಆದ ಕೂಡಲೇ ಏಳುವ ಸರ್ವಿಸ್ ಬೇಕು. ಫ್ಲ್ಯಾಟ್‌ಪ್ಯಾಕ್ ಯುಡೆವ್ ನಿಯಮವನ್ನೂ ಸಿಸ್ಟಮ್ ಸರ್ವಿಸನ್ನೂ ಹೊರಗೆ ಹಾಕುವುದಿಲ್ಲ. ಕೊನೆಗೆ ಇನ್ನೊಂದು ಸ್ಕ್ರಿಪ್ಟ್ ಕೈಯಲ್ಲಿ ಓಡಿಸಬೇಕಾಗುತ್ತದೆ, ಮತ್ತೆ ಅದೇ ಪೆನ್‌ಡ್ರೈವ್ ಕತೆ.

ಆಪ್‌ಇಮೇಜ್‌ಗೆ ಹೆಚ್ಚಿನ ಸಲ ಫ್ಯೂಸ್ 2 ಲೈಬ್ರರಿ ಬೇಕು, 22.04ರಿಂದ ಅದು ತಾನಾಗಿ ಬರುವುದಿಲ್ಲ. ಸಿಸ್ಟಮ್ ಜೊತೆ ಅಪ್‌ಡೇಟ್ ಕೂಡ ಆಗುವುದಿಲ್ಲ. ಉಬುಂಟುವಿನ ಪ್ಯಾಕೇಜ್ ಬಗೆಯಾದ ಸ್ನ್ಯಾಪ್ ಅಂತೂ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅದರ ಸ್ಟೋರ್ ಸರ್ವರ್‌ನ ಸೋರ್ಸ್ ಮುಕ್ತವಾಗಿಲ್ಲ, ನಮ್ಮದೇ ಸ್ಟೋರ್ ಇಟ್ಟುಕೊಳ್ಳುವ ದಾರಿ ಇಲ್ಲ.

ಬಳ್ಳಾರಿ_ಬೈಟ್

ಯುಡೆವ್ ವಿಷಯ ಒಪ್ಪಿದೆ. ಆದರೂ ಮೂರು ಬಿಲ್ಡ್ ನೋಡಿಕೊಳ್ಳುವುದು ಒಬ್ಬರಿಗೆ ಜಾಸ್ತಿ ಆಗುತ್ತದೆ ಅಲ್ವಾ? 'ಎಫ್‌ಪಿಎಂ' ಅಥವಾ 'ಎನ್‌ಎಫ್‌ಪಿಎಂ' ಥರದ್ದು ನೋಡಿದ್ದೀರಾ? ಎನ್‌ಎಫ್‌ಪಿಎಂಗೆ ಒಂದು ಯಾಮಲ್ ಫೈಲ್ ಬರೆದರೆ ಡೆಬ್ (ಡೆಬಿಯನ್, ಉಬುಂಟು ಪ್ಯಾಕೇಜ್ ಫೈಲ್) ಬರುತ್ತದೆ, ಆರ್‌ಪಿಎಂ (ಫೆಡೋರಾ ಥರದವುಗಳ ಪ್ಯಾಕೇಜ್) ಕೂಡ ಬರುತ್ತದೆ.

ರಾಯಚೂರು_ಟರ್ಮಿನಲ್

ನೋಡಿದ್ದೇನೆ, ಬಳಸಿದ್ದೇನೆ. ಗೋ ಭಾಷೆಯ ಒಂಟಿ ಬೈನರಿ ಇದ್ದರೆ ನಾನೂ ಎನ್‌ಎಫ್‌ಪಿಎಂ ಕಡೆಗೇ ಹೋಗುತ್ತೇನೆ. ಆದರೆ ಅದು ಲೈಬ್ರರಿ ಅವಲಂಬನೆ ಹುಡುಕಿ ಕೊಡುವುದಿಲ್ಲ, ನೀವೇ ಬರೆಯಬೇಕು. ಕ್ಯೂಟಿ ಪ್ರೋಗ್ರಾಮಿಗೆ ಡೆಬ್‌ಹೆಲ್ಪರ್ (ಡೆಬ್ ಕಟ್ಟುವ ಡೆಬಿಯನ್‌ನ ಸಾಧನಗಳು) ಕಲಿಯುವುದೇ ಲಾಭ. 'ರೂಲ್ಸ್' ಫೈಲ್ ಕೆಲವೇ ಸಾಲು. ಮೂರು ಬಿಲ್ಡ್ ಅಂದರೆ ಮೂರು ಪಟ್ಟು ಕೆಲಸವೂ ಅಲ್ಲ. ಸ್ಕ್ರಿಪ್ಟ್ ಒಂದೇ, ಬಿಡುಗಡೆಯ ಹೆಸರು ಮಾತ್ರ ಬದಲಾಗುತ್ತದೆ.

ಸಿಂಧನೂರು_ಸರ್ವಿಸ್

ನಾನು ಮಿಲ್‌ಗಳಿಗೆ ಹೋಗಿ ರಿಪೇರಿ ಮಾಡುವವನು, ಕೋಡ್ ಬರೆಯುವವನಲ್ಲ. ನನ್ನ ಕಡೆಯಿಂದ ಒಂದು ಎಚ್ಚರಿಕೆ. 'ಮೇಕ್ ಇನ್‌ಸ್ಟಾಲ್' ಮಾಡಿದ ಹಳೆಯ ಫೈಲ್‌ಗಳು ಹಾಗೇ ಇರುವಾಗ ಡೆಬ್ ಹಾಕಿದರೆ ಏನೂ ಬದಲಾಗುವುದಿಲ್ಲ. ಇನ್ನೊಬ್ಬರ ಸಾಫ್ಟ್‌ವೇರ್‌ನಲ್ಲಿ ಇದನ್ನು ಎಷ್ಟೋ ಕಡೆ ನೋಡಿದ್ದೇನೆ. ಹೊಸ ವರ್ಷನ್ ಹಾಕಿದೆವು ಅನ್ನುತ್ತಾರೆ, ಓಡುವುದು ಹಳೆಯದೇ.

ರಾಯಚೂರು_ಟರ್ಮಿನಲ್

ತುಂಬ ಮುಖ್ಯವಾದ ಮಾತು ಹೇಳಿದಿರಿ. ಯಾಕೆ ಹಾಗೆ ಅಂತ ಬರೆಯುತ್ತೇನೆ, ಎಲ್ಲರಿಗೂ ಉಪಯೋಗ ಆಗಲಿ.

ಮೇಕ್ ಇನ್‌ಸ್ಟಾಲ್ ಸಾಮಾನ್ಯವಾಗಿ ಫೈಲ್‌ಗಳನ್ನು 'ಯುಎಸ್‌ಆರ್ ಲೋಕಲ್' ಫೋಲ್ಡರ್ ಒಳಗೆ ಹಾಕುತ್ತದೆ. ಪ್ಯಾಕೇಜ್ ಹಾಕುವುದು 'ಯುಎಸ್‌ಆರ್' ಒಳಗೆ. ಲೋಕಲ್ ಅನ್ನುವುದು ಆ ಯಂತ್ರದ ಯಜಮಾನನ ಜಾಗ, ಪ್ಯಾಕೇಜ್ ಅಲ್ಲಿ ಫೈಲ್ ಇಡಬಾರದು ಅಂತ ಡೆಬಿಯನ್ ನೀತಿಯೇ ಹೇಳುತ್ತದೆ. ಆದರೆ ಕಮಾಂಡ್ ಹುಡುಕುವಾಗ ಶೆಲ್ ಮೊದಲು ನೋಡುವುದು ಲೋಕಲ್ ಒಳಗೇ. ಲೈಬ್ರರಿ ಹುಡುಕುವಾಗಲೂ ಹಾಗೇ. ಸಿಸ್ಟಮ್‌ಡಿ ಯೂನಿಟ್ ಫೈಲನ್ನು (ಸರ್ವಿಸ್ ಹೇಗೆ ಓಡಬೇಕು ಅನ್ನುವ ಫೈಲ್) 'ಇಟಿಸಿ' ಒಳಗೆ ಕೈಯಲ್ಲಿ ಇಟ್ಟಿದ್ದರೆ ಪ್ಯಾಕೇಜ್ ತಂದ ಯೂನಿಟ್ ಅದರ ಹಿಂದೆ ಮುಚ್ಚಿಹೋಗುತ್ತದೆ. ಹೀಗೆ ಮೂರು ಕಡೆಯಲ್ಲೂ ಹಳೆಯದಕ್ಕೇ ಮೊದಲ ಮರ್ಯಾದೆ.

ಹಾಗಂತ ಪ್ಯಾಕೇಜಿನ ಇನ್‌ಸ್ಟಾಲ್ ಸ್ಕ್ರಿಪ್ಟ್‌ನಲ್ಲಿ ಲೋಕಲ್ ಒಳಗಿನದನ್ನು ಅಳಿಸಬೇಡಿ. ಅದು ರೂಟ್ (ಎಲ್ಲ ಹಕ್ಕೂ ಇರುವ ಬಳಕೆದಾರ) ಆಗಿ ಓಡುವ ಸ್ಕ್ರಿಪ್ಟ್. ಬೇರೆಯವರ ಮನೆಯಲ್ಲಿ ನಮಗೆ ಆ ಹಕ್ಕಿಲ್ಲ. ಹಳೆಯ ಸ್ಥಾಪನೆ ಕಂಡರೆ ಪ್ರೋಗ್ರಾಂ ಶುರುವಾಗುವಾಗ ಒಂದು ಸೂಚನೆ ತೋರಿಸಿ. ಸ್ವಚ್ಛ ಮಾಡಲು ಬೇರೆ ಸ್ಕ್ರಿಪ್ಟ್ ಕೊಡಿ. ಮಿಲ್‌ಗೆ ಹೋದವರು ನೋಡಿ, ಅರ್ಥ ಮಾಡಿಕೊಂಡು ಓಡಿಸಲಿ.

ಮಾನ್ವಿ_ಮಿಲ್

ನಾನು ಮಿಲ್ ನಡೆಸುವವನು. ನನ್ನ ಚಿಂತೆ ಬೇರೆ. ಸುಗ್ಗಿಯಲ್ಲಿ ಗೇಟ್ ಹೊರಗೆ ಟ್ರ್ಯಾಕ್ಟರ್ ಸಾಲು ನಿಂತಿರುತ್ತದೆ. ವೇಬ್ರಿಜ್ ಮೇಲೆ ಲಾರಿ ಇದ್ದಾಗ ಅಪ್‌ಡೇಟ್ ಬಂದು ಪ್ರೋಗ್ರಾಂ ನಿಂತರೆ ಗತಿ ಏನು? ಬೇಸಿಗೆಯಲ್ಲಿ ಕರೆಂಟ್ ಬೇರೆ ಹೋಗುತ್ತದೆ. ಅಪ್‌ಡೇಟ್ ಮಧ್ಯೆ ಕರೆಂಟ್ ಹೋದರೆ ಹಳೆಯ ಲೆಕ್ಕ ಉಳಿಯುತ್ತದಾ?

ರಾಯಚೂರು_ಟರ್ಮಿನಲ್

ಇದೇ ನಿಜವಾದ ಪ್ರಶ್ನೆ. ಪ್ಯಾಕೇಜ್ ಮಾಡುವವರು ರಾತ್ರಿ ಯೋಚಿಸಬೇಕಾದ್ದು ಇದನ್ನೇ. ಉದ್ದ ಆದರೂ ಬರೆಯುತ್ತೇನೆ.

ಮೊದಲು ಸರ್ವಿಸ್. ಸುಮ್ನೆ ಬಿಟ್ಟರೆ ಡೆಬ್‌ಹೆಲ್ಪರ್ ಬರೆಯುವ ಸ್ಕ್ರಿಪ್ಟ್ ಅಪ್‌ಗ್ರೇಡ್ ಆದಾಗ ಸರ್ವಿಸನ್ನು ಮತ್ತೆ ಶುರು ಮಾಡುತ್ತದೆ. ವೆಬ್ ಸರ್ವರಿಗೆ ಅದು ಸರಿ, ವೇಬ್ರಿಜ್‌ಗೆ ಬೇಡ. ಮರುಶುರು ಮಾಡದೇ ಇರುವ ಆಯ್ಕೆ ಡೆಬ್‌ಹೆಲ್ಪರ್‌ನಲ್ಲೇ ಇದೆ, ಅದನ್ನು ಹಾಕಿ. ಹೊಸ ಬೈನರಿ ಡಿಸ್ಕ್ ಮೇಲೆ ಕೂತಿರುತ್ತದೆ, ಓಡುತ್ತಿರುವುದು ಹಳೆಯದೇ. ಚೀಟಿ ಮುಗಿದು ವೇಬ್ರಿಜ್ ಖಾಲಿ ಆದಾಗ ಪ್ರೋಗ್ರಾಂ ತಾನೇ 'ಹೊಸ ವರ್ಷನ್ ಸಿದ್ಧ ಇದೆ' ಅಂತ ಕೇಳಲಿ.

ಎರಡನೆಯದು ಲೆಕ್ಕ. ಡೇಟಾಬೇಸ್ 'ವಾರ್ ಲಿಬ್' ಒಳಗೆ ತೂಕಚೀಟಿಯ ಫೋಲ್ಡರ್‌ನಲ್ಲಿ ಇರಬೇಕು. ಅದು ಪ್ಯಾಕೇಜಿನ ಫೈಲ್ ಪಟ್ಟಿಯಲ್ಲಿ ಇರಬಾರದು. ಪಟ್ಟಿಯಲ್ಲಿ ಇಲ್ಲದ ಫೈಲನ್ನು ಡಿಪಿಕೆಜಿ (ಡೆಬ್ ಬಿಚ್ಚಿ ಹಾಕುವ ಸಾಧನ) ಮುಟ್ಟುವುದಿಲ್ಲ. 'ರಿಮೂವ್' ಮಾಡಿದರೂ ಲೆಕ್ಕ ಉಳಿಯುತ್ತದೆ. 'ಪರ್ಜ್' ಮಾಡಿದಾಗ ಎಲ್ಲವನ್ನೂ ತೆಗೆಯುವುದು ರೂಢಿ, ಆದರೆ ಇದು ರೈತರಿಗೆ ಹಣ ಕೊಟ್ಟ ದಾಖಲೆ. ಕೇಳದೆ ಅಳಿಸಲೇಬಾರದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಟೇಬಲ್‌ಗಳ ರಚನೆ ಬದಲಾಯಿಸುವ ಕೆಲಸವನ್ನು ಪ್ಯಾಕೇಜ್ ಹಾಕಿದ ಮೇಲೆ ಓಡುವ 'ಪೋಸ್ಟ್‌ಇನ್‌ಸ್ಟ್' ಸ್ಕ್ರಿಪ್ಟ್‌ನಲ್ಲಿ ಮಾಡಬೇಡಿ. ಅಲ್ಲಿ ಎರರ್ ಬಂದರೆ ಪ್ಯಾಕೇಜ್ ಅರ್ಧ ಕಾನ್ಫಿಗರ್ ಆಗಿ ಉಳಿಯುತ್ತದೆ. ಆಮೇಲೆ ಆಪ್ಟ್‌ನ ಎಲ್ಲ ಕೆಲಸಕ್ಕೂ ಅದೇ ಅಡ್ಡ ಬರುತ್ತದೆ. ಸೆಕ್ಯುರಿಟಿ ಅಪ್‌ಡೇಟ್ ಕೂಡ ಸಿಕ್ಕಿಹಾಕಿಕೊಳ್ಳಬಹುದು. ಪ್ರೋಗ್ರಾಂ ಶುರುವಾಗುವಾಗ ಮಾಡಿ, ಅದಕ್ಕೂ ಮೊದಲು ಬ್ಯಾಕಪ್ ತೆಗೆಯಿರಿ. ಬ್ಯಾಕಪ್ ಅಂದರೆ ಸುಮ್ನೆ ಫೈಲ್ ಕಾಪಿ ಅಲ್ಲ. ವಾಲ್ ಮೋಡ್‌ನಲ್ಲಿ (ಬದಲಾವಣೆಯನ್ನು ಮೊದಲು ಬೇರೆ ಫೈಲ್‌ಗೆ ಬರೆಯುವ ಎಸ್‌ಕ್ಯೂಲೈಟ್ ರೀತಿ) ಇದ್ದರೆ ಇತ್ತೀಚಿನ ನಮೂದುಗಳು ಪಕ್ಕದ ಇನ್ನೊಂದು ಫೈಲ್‌ನಲ್ಲಿ ಇರುತ್ತವೆ. ಎಸ್‌ಕ್ಯೂಲೈಟ್‌ನ 'ವ್ಯಾಕ್ಯೂಮ್ ಇಂಟು' ಬಳಸಿ, ಪೂರ್ತಿ ಸರಿಯಾದ ಪ್ರತಿ ಸಿಗುತ್ತದೆ. ರಚನೆ ಬದಲಾವಣೆ ಒಂದೇ ಟ್ರಾನ್ಸಾಕ್ಷನ್ ಒಳಗಿದ್ದರೆ ಮಧ್ಯೆ ಕರೆಂಟ್ ಹೋದರೂ ಎಸ್‌ಕ್ಯೂಲೈಟ್ ಹಿಂದಿನ ಸ್ಥಿತಿಗೆ ಮರಳುತ್ತದೆ.

ಪ್ಯಾಕೇಜ್ ಬಿಚ್ಚುತ್ತಿರುವಾಗಲೇ ಕರೆಂಟ್ ಹೋದರೆ? ಡಿಪಿಕೆಜಿ ಪ್ರತಿ ಫೈಲನ್ನೂ ಮೊದಲು ಬೇರೆ ಹೆಸರಲ್ಲಿ ಬರೆದು, ಡಿಸ್ಕ್‌ಗೆ ಇಳಿಸಿ, ಆಮೇಲೆ ಹೆಸರು ಬದಲಾಯಿಸುತ್ತದೆ. ಮತ್ತೆ ಆನ್ ಮಾಡಿ 'ಡಿಪಿಕೆಜಿ ಕಾನ್ಫಿಗರ್ ಎ' ಹೊಡೆದರೆ ಬಹುತೇಕ ಸರಿಹೋಗುತ್ತದೆ. ನಿಮ್ಮ ಸ್ಕ್ರಿಪ್ಟ್‌ಗಳು ಎರಡು ಸಲ ಓಡಿದರೂ ಅದೇ ಫಲ ಕೊಡುವ ಹಾಗಿರಬೇಕು, ಅಷ್ಟೇ.

ಮೂರನೆಯದು ಸೆಟ್ಟಿಂಗ್. 'ಇಟಿಸಿ' ಒಳಗೆ ಪ್ಯಾಕೇಜ್ ಇಟ್ಟ ಫೈಲನ್ನು ಮಿಲ್‌ನವರು ತಿದ್ದಿದ್ದರೆ, ಮತ್ತು ಹೊಸ ವರ್ಷನ್‌ನಲ್ಲೂ ಅದು ಬದಲಾಗಿದ್ದರೆ, ಅಪ್‌ಗ್ರೇಡ್ ನಿಂತು 'ನಿಮ್ಮದು ಇಡಲಾ, ಹೊಸದು ಹಾಕಲಾ' ಅಂತ ಇಂಗ್ಲಿಷಿನಲ್ಲಿ ಕೇಳುತ್ತದೆ. ಗುಮಾಸ್ತರು ಹೆದರಿ ಕಿಟಕಿ ಮುಚ್ಚುತ್ತಾರೆ. ಮೂಲ ಸೆಟ್ಟಿಂಗನ್ನು 'ಯುಎಸ್‌ಆರ್ ಶೇರ್' ಒಳಗೆ ಇಡಿ. ಮಿಲ್‌ಗೆ ಸಂಬಂಧಿಸಿದ್ದು ಮಾತ್ರ ಇಟಿಸಿ ಒಳಗಿನ ಸಣ್ಣ ಫೈಲ್‌ನಲ್ಲಿ ಇರಲಿ, ಅದನ್ನು ಪ್ಯಾಕೇಜ್ ಮುಟ್ಟುವುದೇ ಬೇಡ. ಈ ಪ್ರಶ್ನೆ ಬರುವುದೇ ಇಲ್ಲ.

ಮಾನ್ವಿ_ಮಿಲ್

ಧೈರ್ಯ ಬಂತು. ಆದರೂ ಒಂದು ಕೋರಿಕೆ. ನವೆಂಬರ್, ಡಿಸೆಂಬರ್ ಮತ್ತು ಏಪ್ರಿಲ್, ಮೇ ತಿಂಗಳಲ್ಲಿ ದೊಡ್ಡ ಬದಲಾವಣೆ ಕಳಿಸಬೇಡಿ.

ಗಂಗಾವತಿ_ತೂಕ

ಖಂಡಿತ ಇಲ್ಲ. ಆ ತಿಂಗಳುಗಳಲ್ಲಿ ತಪ್ಪು ಸರಿಪಡಿಸುವ ಅಪ್‌ಡೇಟ್ ಮಾತ್ರ.

ರಾಯಚೂರು ಅಣ್ಣ, ಇದಿಷ್ಟನ್ನೂ ಬರೆದುಕೊಂಡೆ. ಇನ್ನೊಂದು ತಲೆನೋವು ಇದೆ. 22.04 ಇರುವ ಕಡೆ ಸಿಎಚ್340 ಚಿಪ್ ಇರುವ ಯುಎಸ್‌ಬಿ ಸೀರಿಯಲ್ ಕೇಬಲ್ ಹಾಕಿದರೆ ಪೋರ್ಟ್ ಬಂದ ಹಾಗೆ ಆಗಿ ಮಾಯ ಆಗುತ್ತದೆ. ಕರ್ನಲ್ ಲಾಗ್‌ನಲ್ಲಿ 'ಬಿಆರ್‌ಎಲ್‌ಟಿಟಿವೈ' ಅಂತ ಕಾಣುತ್ತದೆ. ಪ್ಯಾಕೇಜಿನಲ್ಲಿ 'ಕಾನ್‌ಫ್ಲಿಕ್ಟ್ಸ್' ಅಂತ ಹಾಕಿ ಅದನ್ನು ತೆಗೆಸಿಬಿಡಲಾ? ಇಂಟರ್ನೆಟ್‌ನಲ್ಲಿ ಎಲ್ಲರೂ ತೆಗೆಯಿರಿ ಅಂತಲೇ ಹೇಳುತ್ತಾರೆ.

ಕೊಪ್ಪಳ_ಕೀಲಿಮಣೆ

ದಯವಿಟ್ಟು ಹಾಗೆ ಮಾಡಬೇಡಿ. ನಾನು ಕಣ್ಣು ಕಾಣದ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೇನೆ. ಬ್ರೈಲ್ ಡಿಸ್‌ಪ್ಲೇ ಲಿನಕ್ಸ್‌ನಲ್ಲಿ ಕೆಲಸ ಮಾಡುವುದೇ ಆ ಪ್ರೋಗ್ರಾಂನಿಂದ. ಕೆಲವು ಬ್ರೈಲ್ ಡಿಸ್‌ಪ್ಲೇಗಳು ನಿಮ್ಮ ಕೇಬಲ್‌ನಲ್ಲಿರುವ ಚಿಪ್ಪಿನ ಗುರುತನ್ನೇ ಹೇಳುತ್ತವೆ. ಅದಕ್ಕೇ ಅದು ನಿಮ್ಮ ಕೇಬಲನ್ನು ಬ್ರೈಲ್ ಡಿಸ್‌ಪ್ಲೇ ಅಂದುಕೊಂಡು ಹಿಡಿದುಕೊಳ್ಳುತ್ತದೆ. ನಾಳೆ ಮಿಲ್ ಲೆಕ್ಕಕ್ಕೆ ಕಣ್ಣು ಕಾಣದ ಒಬ್ಬರು ಬಂದು ಕೂತರೆ ಅವರ ದಾರಿ ಮುಚ್ಚಬಾರದು ಅಲ್ವಾ?

ಪರಿಹಾರ ಸುಲಭ. ಯುಡೆವ್‌ನಲ್ಲಿ 'ಇಟಿಸಿ' ಕಡೆಯ ನಿಯಮಗಳ ಫೋಲ್ಡರ್‌ಗೆ ಅದೇ ಹೆಸರಿನ ಫೈಲ್ ಹಾಕಿದರೆ ಸಿಸ್ಟಮ್ ತಂದ ಫೈಲ್ ಬದಲು ಅದೇ ಓಡುತ್ತದೆ. ಮೂಲ ಫೈಲನ್ನು ಕಾಪಿ ಮಾಡಿ, 1ಎ86 ಮತ್ತು 7523 (ಆ ಚಿಪ್ಪಿನ ಗುರುತು ಸಂಖ್ಯೆಗಳು) ಇರುವ ಆ ಒಂದು ಸಾಲು ಮಾತ್ರ ತೆಗೆಯಿರಿ. ಉಳಿದ ಬ್ರೈಲ್ ಸಾಧನಗಳೆಲ್ಲ ಓಡುತ್ತವೆ. ಇದನ್ನೂ ಪ್ಯಾಕೇಜ್ ತಾನಾಗಿ ಮಾಡುವುದು ಬೇಡ, ಮಿಲ್‌ಗೆ ಹೋದವರು ಅಲ್ಲಿ ಬೇಕಿದ್ದರೆ ಮಾಡಲಿ.

ಗಂಗಾವತಿ_ತೂಕ

ಇದು ನನ್ನ ತಲೆಗೆ ಬಂದೇ ಇರಲಿಲ್ಲ. ಥ್ಯಾಂಕ್ಸ್. ಹಾಗೇ ಮಾಡುತ್ತೇನೆ.

ಸಿಂಧನೂರು_ಸರ್ವಿಸ್

ಕೇಬಲ್ ಮಾತು ಬಂತು, ಹೇಳಿಬಿಡುತ್ತೇನೆ. ಪೋರ್ಟ್ ಹೆಸರು ಇವತ್ತು ಯುಎಸ್‌ಬಿ0 ಇದ್ದದ್ದು ನಾಳೆ ಯುಎಸ್‌ಬಿ1 ಆಗುತ್ತದೆ. ಎಫ್‌ಟಿಡಿಐ ಕೇಬಲ್‌ಗೆ ಸೀರಿಯಲ್ ನಂಬರ್ ಇರುತ್ತದೆ, ಅದರಿಂದ ಗುರುತು ಹಿಡಿಯಬಹುದು. ಸಿಎಚ್340ಗೆ ಸಾಮಾನ್ಯವಾಗಿ ಇರುವುದಿಲ್ಲ, ಅದಕ್ಕೆ ಯಾವ ಸಾಕೆಟ್‌ನಲ್ಲಿ ಚುಚ್ಚಿದೆ ಅನ್ನುವುದರಿಂದಲೇ ಗುರುತು ಹಿಡಿಯಬೇಕು. ಯುಡೆವ್ ನಿಯಮದಲ್ಲಿ ಒಂದು ಖಾಯಂ ಹೆಸರು ಕೊಡಿ. ಗುಮಾಸ್ತರ ಅಕೌಂಟನ್ನು ಸೀರಿಯಲ್ ಪೋರ್ಟ್ ಬಳಸಲು ಅನುಮತಿ ಇರುವ 'ಡಯಲ್‌ಔಟ್' ಗುಂಪಿಗೆ ಸೇರಿಸಿ ಅಂತ ಪ್ರತಿ ಸಲ ನನಗೆ ಫೋನ್ ಬರುತ್ತದೆ, ಅದಕ್ಕೂ ಏನಾದರೂ ಮಾಡಿ.

ಅದಕ್ಕಿಂತ ದೊಡ್ಡ ಪ್ರಶ್ನೆ, ಒಳಗಿನ ಹಳ್ಳಿ ಮಿಲ್‌ಗಳಲ್ಲಿ ಇಂಟರ್ನೆಟ್ ಇಲ್ಲ. ಅಲ್ಲಿಗೆ ಆಪ್ಟ್ ಹೇಗೆ?

ರಾಯಚೂರು_ಟರ್ಮಿನಲ್

ಡಯಲ್‌ಔಟ್ ತೊಂದರೆ ಹೋಗುತ್ತದೆ. ಪೋರ್ಟ್ ಮುಟ್ಟುವುದು ಸರ್ವಿಸ್ ಮಾತ್ರ. ಅದು ತನ್ನದೇ ಸಿಸ್ಟಮ್ ಬಳಕೆದಾರನ ಹೆಸರಲ್ಲಿ ಓಡಲಿ, ಆ ಬಳಕೆದಾರನನ್ನು ಪ್ಯಾಕೇಜೇ ಸೃಷ್ಟಿಸಿ ಡಯಲ್‌ಔಟ್‌ಗೆ ಸೇರಿಸಲಿ. ಗುಮಾಸ್ತರ ಅಕೌಂಟ್‌ಗೆ ಯಾವ ವಿಶೇಷ ಹಕ್ಕೂ ಬೇಡ.

ಈಗ ರೆಪೊ ಮಾತು. ಆಪ್ಟ್ ರೆಪೊ ಅಂದರೂ ಸ್ಥಿರ ಫೈಲ್‌ಗಳೇ. 'ಪೂಲ್' ಫೋಲ್ಡರ್‌ನಲ್ಲಿ ಡೆಬ್‌ಗಳು, 'ಡಿಸ್ಟ್ಸ್' ಫೋಲ್ಡರ್‌ನಲ್ಲಿ ಪಟ್ಟಿಗಳು. ಎಂಜಿನ್‌ಎಕ್ಸ್ (ವೆಬ್ ಸರ್ವರ್ ಪ್ರೋಗ್ರಾಂ) ಇರುವ ಚಿಕ್ಕ ಬಾಡಿಗೆ ಸರ್ವರ್ ಸಾಕು. ಆಫೀಸಿನ ಬ್ರಾಡ್‌ಬ್ಯಾಂಡ್‌ನಲ್ಲಿ ಹೊರಗಿನಿಂದ ತಲುಪುವ ಐಪಿ ವಿಳಾಸ ಹೆಚ್ಚಾಗಿ ಸಿಗುವುದಿಲ್ಲ, ಅದಕ್ಕೇ ಬಾಡಿಗೆಯದು ಹೇಳಿದೆ. ಕಟ್ಟುವುದಕ್ಕೆ 'ರೆಪ್ರೆಪ್ರೊ' ಇದೆ, 'ಆಪ್ಟ್‌ಲಿ' ಇದೆ. ರೆಪ್ರೆಪ್ರೊ ಸರಳ, ಆದರೆ ಸುಮ್ನೆ ಬಿಟ್ಟರೆ ಒಂದು ಬಿಡುಗಡೆಗೆ ಒಂದು ಪ್ಯಾಕೇಜಿನ ಒಂದೇ ವರ್ಷನ್ ಇಡುತ್ತದೆ. ಆಪ್ಟ್‌ಲಿಯಲ್ಲಿ ಸ್ನ್ಯಾಪ್‌ಶಾಟ್ (ಆ ಹೊತ್ತಿಗೆ ರೆಪೊ ಹೇಗಿತ್ತೋ ಅದರ ದಾಖಲೆ) ಇದೆ. ಹೊಸದು ಕೆಟ್ಟರೆ ನಿನ್ನೆಯ ಸ್ನ್ಯಾಪ್‌ಶಾಟನ್ನೇ ಮತ್ತೆ ಪ್ರಕಟಿಸಬಹುದು. ನಿಮಗೆ ನಾನು ಆಪ್ಟ್‌ಲಿ ಹೇಳುತ್ತೇನೆ. 'ಪರೀಕ್ಷೆ', 'ಸ್ಥಿರ' ಅಂತ ಎರಡು ಸಾಲು ಇಡಿ. ಒಂದೆರಡು ಮಿಲ್ ಪರೀಕ್ಷೆಯಲ್ಲಿ ಇರಲಿ. ಸರಿ ಅನಿಸಿದ ಮೇಲೆ ಅದೇ ಡೆಬ್ ಫೈಲನ್ನು ಸ್ಥಿರಕ್ಕೆ ಸರಿಸಿ, ಮತ್ತೆ ಬಿಲ್ಡ್ ಮಾಡಬೇಡಿ. ಪರೀಕ್ಷೆ ಆದದ್ದೇ ಹಂಚಿಕೆ ಆಗಬೇಕು.

ಸರ್ವರ್‌ಗೆ ಕಳಿಸುವಾಗ ಮೊದಲು ಪೂಲ್, ಆಮೇಲೆ ಡಿಸ್ಟ್ಸ್. ತಿರುಗಾ ಮುರುಗಾ ಆದರೆ ಆ ಹೊತ್ತಿಗೆ ಅಪ್‌ಡೇಟ್ ಮಾಡಿದವರಿಗೆ ಪಟ್ಟಿಯಲ್ಲಿರುವ ಫೈಲ್ ಸಿಗುವುದಿಲ್ಲ.

ಸಹಿಯ ವಿಷಯದಲ್ಲಿ ರಾಜಿ ಬೇಡ. 'ಇನ್‌ರಿಲೀಸ್' ಫೈಲ್‌ಗೆ ನಿಮ್ಮ ಜಿಪಿಜಿ (ಡಿಜಿಟಲ್ ಸಹಿ ಹಾಕುವ ಸಾಧನ) ಕೀಲಿಯ ಸಹಿ ಇರುತ್ತದೆ. ಅದರೊಳಗೆ ಪ್ಯಾಕೇಜ್ ಪಟ್ಟಿಗಳ ಶಾ256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ), ಆ ಪಟ್ಟಿಯೊಳಗೆ ಪ್ರತಿ ಡೆಬ್‌ನ ಹ್ಯಾಶ್. ಚೀಲದ ಬಾಯಿ ಹೊಲಿದು ಸೀಲ್ ಹಾಕಿದ ಹಾಗೆ, ಮಧ್ಯೆ ಯಾರು ಬಿಚ್ಚಿದರೂ ಗೊತ್ತಾಗುತ್ತದೆ. ಹಾಗಾಗಿ ಅದು ನೆಟ್‌ನಲ್ಲಿ ಬಂತೋ ಪೆನ್‌ಡ್ರೈವ್‌ನಲ್ಲಿ ಬಂತೋ ಮುಖ್ಯವಲ್ಲ. ನಿಮ್ಮ ಹಳ್ಳಿ ಮಿಲ್‌ಗೆ ಇದೇ ಉತ್ತರ. ಪೂರ್ತಿ ರೆಪೊ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಆಪ್ಟ್ ಮೂಲದ ಸಾಲಿನಲ್ಲಿ ವೆಬ್ ವಿಳಾಸದ ಬದಲು ಆ ಫೋಲ್ಡರ್ ಕೊಡಿ. ಸಹಿ ಪರೀಕ್ಷೆ ಹಾಗೇ ನಡೆಯುತ್ತದೆ. 'ಟ್ರಸ್ಟೆಡ್ ಯೆಸ್' ಅಂತ ಹಾಕಿ ಸಹಿ ಬಿಟ್ಟುಬಿಡಿ ಅನ್ನುವ ಸಲಹೆ ಎಲ್ಲಾದರೂ ಕಂಡರೆ ಕೇಳಬೇಡಿ. ಪೆನ್‌ಡ್ರೈವ್ ಹತ್ತು ಕೈ ದಾಟುತ್ತದೆ.

ಪೆನ್‌ಡ್ರೈವ್ ದಾರಿಗೆ ಇನ್ನೆರಡು ಮಾತು. ರೆಪೊದಲ್ಲಿ 'ವ್ಯಾಲಿಡ್ ಅಂಟಿಲ್' ಅನ್ನುವ ಅವಧಿ ಮುಗಿಯುವ ದಿನಾಂಕ ಹಾಕಬೇಡಿ, ಹಳೆಯ ಪ್ರತಿ ಇರುವ ಮಿಲ್‌ನಲ್ಲಿ ಆಪ್ಟ್ ಒಪ್ಪುವುದಿಲ್ಲ. ಮತ್ತೆ ಕ್ಯೂಟಿ, ಫಾಂಟ್ ಎಲ್ಲ ನಿಮ್ಮ ರೆಪೊದಲ್ಲಿ ಇರುವುದಿಲ್ಲ. ಅದಕ್ಕೆ 'ಆಪ್ಟ್-ಆಫ್‌ಲೈನ್' ಬಳಸಿ. ಮಿಲ್‌ನ ಯಂತ್ರದಲ್ಲಿ ಬೇಕಾದ್ದರ ಪಟ್ಟಿ ಬರೆಸಿ ತಂದು, ನೆಟ್ ಇರುವ ಕಡೆ ಇಳಿಸಿ, ವಾಪಸ್ ಒಯ್ಯುವುದು.

ಕುಷ್ಟಗಿ_ವಿದ್ಯಾರ್ಥಿನಿ

ಓದುತ್ತಾ ತುಂಬ ಕಲಿತೆ. ಕೀಲಿಯನ್ನು ಎಲ್ಲಿ ಇಡಬೇಕು? ಹಳೆಯ ಪಾಠಗಳಲ್ಲಿ 'ಆಪ್ಟ್-ಕೀ ಆಡ್' ಅಂತ ಇದೆ, ಈಗ ಹಾಕಿದರೆ ಎಚ್ಚರಿಕೆ ಬರುತ್ತದೆ.

ರಾಯಚೂರು_ಟರ್ಮಿನಲ್

ಆ ಪದ್ಧತಿ ಬಿಟ್ಟಾಗಿದೆ, ಕಾರಣವೂ ಒಳ್ಳೆಯದೇ. ಆಪ್ಟ್-ಕೀ ಮೂಲಕ ಸೇರಿಸಿದ ಕೀಲಿಯನ್ನು ಆಪ್ಟ್ ಎಲ್ಲ ರೆಪೊಗಳಿಗೂ ನಂಬುತ್ತದೆ. ಅಂದರೆ ತೂಕಚೀಟಿಯ ಕೀಲಿ ಕಳುವಾದರೆ ಕಳ್ಳ ಡೆಬಿಯನ್ ಹೆಸರಲ್ಲೇ ಸಹಿ ಹಾಕಬಹುದು. ಈಗ ಕೀಲಿಯನ್ನು ಬೇರೆ ಫೈಲ್‌ನಲ್ಲಿ ಇಟ್ಟು, ಮೂಲದ ಸಾಲಿನಲ್ಲಿ 'ಸೈನ್ಡ್ ಬೈ' ಅಂತ ಅದನ್ನು ತೋರಿಸಬೇಕು. ಆ ಕೀಲಿ ಆ ರೆಪೊಗೆ ಮಾತ್ರ. ಕೈಯಲ್ಲಿ ಇಡುವುದಾದರೆ ಇಟಿಸಿ ಒಳಗೆ ಆಪ್ಟ್‌ನ 'ಕೀರಿಂಗ್ಸ್' ಫೋಲ್ಡರ್, ಪ್ಯಾಕೇಜ್ ಮೂಲಕ ಕೊಡುವುದಾದರೆ ಯುಎಸ್‌ಆರ್ ಶೇರ್ ಒಳಗಿನ ಕೀರಿಂಗ್ಸ್. ಎರಡನೆಯದೇ ಒಳ್ಳೆಯದು. ಕೀಲಿಗೇ ಒಂದು ಪುಟ್ಟ ಪ್ಯಾಕೇಜ್ ಮಾಡಿ. ಅವಧಿ ಮುಗಿಯುವ ಮೊದಲೇ ಹೊಸ ಅವಧಿಯ ಕೀಲಿ ಅದರಲ್ಲಿ ಎಲ್ಲರಿಗೂ ತಲುಪಿಬಿಡುತ್ತದೆ. ಮುಗಿದ ಮೇಲೆ ನೆನಪಾದರೆ ಪ್ರತಿ ಮಿಲ್‌ಗೂ ಹೋಗಬೇಕು.

ಮುಖ್ಯ ಕೀಲಿ ಸರ್ವರ್ ಮೇಲೆ ಇರಬಾರದು. ಸಹಿ ಹಾಕಲು ಉಪಕೀಲಿ ಬಳಸಿ. ಮುಖ್ಯ ಕೀಲಿ ಮತ್ತು ರದ್ದತಿ ಪ್ರಮಾಣಪತ್ರ ಎನ್‌ಕ್ರಿಪ್ಟ್ ಆದ ಡ್ರೈವ್‌ನಲ್ಲಿ, ಬೀಗ ಇರುವ ಕಡೆ ಇರಲಿ.

ಬಳ್ಳಾರಿ_ಬೈಟ್

ನನ್ನ ಹತ್ತಿರವೂ ಒಂದು ಡೆಬಿಯನ್ ಪ್ಯಾಕೇಜ್ ಇದೆ, ನಾನು ಬರೆದದ್ದಲ್ಲ. ಪ್ರಿಂಟರ್ ಫಿಲ್ಟರ್ ಒಂದಕ್ಕೆ ಪ್ಯಾಚ್ ಹಾಕಿ ಮತ್ತೆ ಕಟ್ಟಿದ್ದೇವೆ. ಡೆಬಿಯನ್‌ನದು 4.2-1 ಅಂತಿಟ್ಟುಕೊಳ್ಳಿ. ನಮ್ಮದಕ್ಕೆ ವರ್ಷನ್ ಏನು ಕೊಡಬೇಕು?

ರಾಯಚೂರು_ಟರ್ಮಿನಲ್

ಇಲ್ಲಿ ಒಂದು ಗುಂಡಿ ಇದೆ, ನಿಧಾನವಾಗಿ ಓದಿ. ಟಿಲ್ಡೆ ಹಾಕಿ 4.2-1~ಬಿಎಲ್1 ಅಂದರೆ ಅದು 4.2-1ಕ್ಕಿಂತ ಕಡಿಮೆ. ಆಪ್ಟ್ ಡೆಬಿಯನ್‌ನದನ್ನೇ ಹಾಕುತ್ತದೆ, ನಿಮ್ಮ ಪ್ಯಾಚ್ ಹೋಯಿತು. ಪ್ಲಸ್ ಹಾಕಿದರೆ ನಿಮ್ಮದು ಮೇಲೆ. ಆದರೆ ಡೆಬಿಯನ್ 12ಕ್ಕೆ ಸೆಕ್ಯುರಿಟಿ ಅಪ್‌ಡೇಟ್ ಬಂದಾಗ ಅದರ ಹೆಸರು 4.2-1+ಡೆಬ್12ಯು1 ಆಗುತ್ತದೆ. ಹೋಲಿಕೆ ಇಂಗ್ಲಿಷ್ ಅಕ್ಷರಮಾಲೆಯಲ್ಲಿ ನಡೆಯುತ್ತದೆ. ರಾಯಚೂರಿನ ಗುರುತಿಗೆ ಆರ್‌ನಿಂದ ಶುರುವಾಗುವ ಬಾಲ ಕೊಟ್ಟಿದ್ದರೆ, ಆರ್ ಡಿಗಿಂತ ಮುಂದಿರುವುದರಿಂದ ನಿಮ್ಮ ಹಳೆಯದೇ ಮೇಲೆ ಉಳಿಯುತ್ತದೆ. ರಂಧ್ರ ಮುಚ್ಚುವ ಅಪ್‌ಡೇಟ್ ಸದ್ದಿಲ್ಲದೆ ಹೊರಗೆ ನಿಲ್ಲುತ್ತದೆ. ಬಳ್ಳಾರಿಯ ಬಿ ಡಿಗಿಂತ ಮೊದಲು ಬರುತ್ತದೆ, ಹಾಗಾಗಿ +ಬಿಎಲ್1 ಅಂದರೆ ಡೆಬಿಯನ್‌ನ ಅಪ್‌ಡೇಟ್ ಗೆಲ್ಲುತ್ತದೆ. ಪ್ಯಾಚ್ ತಾತ್ಕಾಲಿಕವಾಗಿ ಹೋಗುತ್ತದೆ, ನೀವು ಬೇಗ ಮತ್ತೆ ಕಟ್ಟಬೇಕು. ಪ್ರಿಂಟ್ ಸ್ವಲ್ಪ ಕೆಡುವುದು ಮೇಲು, ಸೆಕ್ಯುರಿಟಿ ರಂಧ್ರ ತೆರೆದಿರುವುದು ಬೇಡ. ಯಾವುದಕ್ಕೂ ಪ್ರಕಟಿಸುವ ಮೊದಲು 'ಡಿಪಿಕೆಜಿ ಕಂಪೇರ್ ವರ್ಷನ್ಸ್' ಹಾಕಿ ನೋಡಿ. ಉಬುಂಟುವಿನ ಬಾಲಗಳು ಬೇರೆ ರೀತಿ, ಅಲ್ಲಿ ಬೇರೆಯಾಗಿ ಪರೀಕ್ಷಿಸಬೇಕು.

ಕುಷ್ಟಗಿ_ವಿದ್ಯಾರ್ಥಿನಿ

ಪ್ಯಾಚ್ ಹಾಕಿದ ಫಿಲ್ಟರ್ ಜಿಪಿಎಲ್ (ಮುಕ್ತ ತಂತ್ರಾಂಶದ ಒಂದು ಲೈಸೆನ್ಸ್) ಆಗಿದ್ದರೆ ಸೋರ್ಸ್ ಕೊಡಬೇಕಲ್ವಾ?

ಬಳ್ಳಾರಿ_ಬೈಟ್

ಕೊಡಲೇಬೇಕು. ನಾವು ಬೈನರಿ ಹಂಚಿದರೆ ಪಡೆದವರಿಗೆ ಅದೇ ವರ್ಷನ್‌ನ ಸೋರ್ಸ್ ಸಿಗಬೇಕು. ಸೋರ್ಸ್ ಪ್ಯಾಕೇಜನ್ನೂ ಅದೇ ರೆಪೊಗೆ ಹಾಕಿಬಿಡುತ್ತೇವೆ. 'ಆಪ್ಟ್ ಸೋರ್ಸ್' ಅಂದರೆ ಇಳಿಯುತ್ತದೆ, ಬೇರೆ ಕೆಲಸವೇ ಇಲ್ಲ.

ಮಾನ್ವಿ_ಮಿಲ್

ನಮ್ಮ ಗೇಟ್ ಹತ್ತಿರದ ಹಳೆಯ ಕಂಪ್ಯೂಟರ್ 32 ಬಿಟ್. ಅದಕ್ಕೂ ಬರುತ್ತದಾ?

ಗಂಗಾವತಿ_ತೂಕ

ಡೆಬಿಯನ್ 12 ಇರುವವರೆಗೆ 32 ಬಿಟ್ (ಐ386) ಬಿಲ್ಡ್ ಕೊಡುತ್ತೇನೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಐ386ಗೆ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಆ ಯಂತ್ರ ಬದಲಾಯಿಸುವ ಯೋಚನೆ ಈಗಲೇ ಶುರು ಮಾಡಿ.

ಎಲ್ಲರ ಮಾತು ಸೇರಿಸಿ ಕೆಲಸ ಶುರು ಮಾಡಿದ್ದೇನೆ. ಎಸ್‌ಬಿಲ್ಡ್‌ನಲ್ಲಿ ಮೂರೂ ಬಿಡುಗಡೆಗೆ ಡೆಬ್ ಬರುತ್ತಿದೆ. ಪ್ಯಾಕೇಜಿನ ತಪ್ಪು ಹುಡುಕುವ 'ಲಿಂಟಿಯನ್' ಹೇಳಿದ ದೂರುಗಳನ್ನು ತೀರಿಸಿದೆ. 'ಪ್ಯೂಪಾರ್ಟ್ಸ್'ನಲ್ಲಿ ಹಾಕುವುದು, ಅಪ್‌ಗ್ರೇಡ್ ಮಾಡುವುದು, ತೆಗೆಯುವುದು ಪರೀಕ್ಷಿಸುತ್ತಿದ್ದೇನೆ. ಪರೀಕ್ಷೆ ಸಾಲಿಗೆ ಕಾರಟಗಿಯ ಒಂದು ಮಿಲ್ ಒಪ್ಪಿದೆ.

ರಾಯಚೂರು_ಟರ್ಮಿನಲ್

ಪಿನ್ನಿಂಗ್ (ಯಾವ ರೆಪೊಗೆ ಎಷ್ಟು ಆದ್ಯತೆ ಅಂತ ಆಪ್ಟ್‌ಗೆ ಹೇಳುವುದು) ಮರೆಯಬೇಡಿ. ನಿಮ್ಮ ರೆಪೊದಿಂದ ತೂಕಚೀಟಿ ಮತ್ತು ಕೀಲಿ ಪ್ಯಾಕೇಜ್ ಮಾತ್ರ ತಾನಾಗಿ ಬರಲಿ, ಉಳಿದದ್ದಕ್ಕೆ ಆದ್ಯತೆ ಕಡಿಮೆ ಇಡಿ. ಮಿಲ್‌ನವರ ಸಿಸ್ಟಮ್ ಪ್ಯಾಕೇಜ್ ಬದಲಾಯಿಸುವ ಶಕ್ತಿ ನಮ್ಮ ರೆಪೊಗೆ ಬೇಡ.

ಸಿಂಧನೂರು_ಸರ್ವಿಸ್

ನನ್ನದೊಂದು ಕೊನೆಯ ಬೇಡಿಕೆ. ಚೀಟಿಯ ಕೆಳಗಿನ ಮೂಲೆಯಲ್ಲಿ ಸಣ್ಣದಾಗಿ ವರ್ಷನ್ ನಂಬರ್, ಸ್ಥಿರವೋ ಪರೀಕ್ಷೆಯೋ ಅಂತ ಮುದ್ರಿಸಿ. ಫೋನ್ ಮಾಡಿದವರಿಗೆ ಟರ್ಮಿನಲ್ ತೆಗೆಯಿರಿ ಅನ್ನುವ ಬದಲು 'ಕೈಲಿರುವ ಚೀಟಿ ಓದಿ' ಅಂದರೆ ಸಾಕಾಗುತ್ತದೆ.

ಗಂಗಾವತಿ_ತೂಕ

ಮುಂದಿನ ಪರೀಕ್ಷೆ ಬಿಡುಗಡೆಯಲ್ಲೇ ಹಾಕುತ್ತೇನೆ. ಬಿಲ್ಡ್ ಆಗುವಾಗ 'ಚೇಂಜ್‌ಲಾಗ್'ನಿಂದಲೇ ನಂಬರ್ ತೆಗೆದುಕೊಳ್ಳುತ್ತದೆ, ಕೈಯಲ್ಲಿ ಬರೆಯುವುದು ಬೇಡ. ಪ್ರೋಗ್ರಾಂ ಓಡುತ್ತಿರುವ ವರ್ಷನ್ ಮತ್ತು ಡಿಸ್ಕ್ ಮೇಲಿನ ವರ್ಷನ್ ಬೇರೆ ಇದ್ದರೆ ಎರಡನ್ನೂ ಮುದ್ರಿಸುತ್ತೇನೆ.